ಖರೆ ಕುಸ್ತಿ, ಸುಳ್ಳ ಕುಸ್ತಿ

ನಮ್ಮ ಮನಿಗೆ ಕೇಬಲ್ ಬಂದಾಗ ನಾನು ಆರನೇತ್ತೆ. ಸಾಲಿ ಬಿಟ್ಟ ಕೂಡ್ಲೆ ಪಾಟಿಚೀಲ ಮೂಲಿಗೆ ಒಗದು ಟೀವಿ ಮುಂದ ಕುಂತ್ರ ಮುಗೀತು. ನಾನು, ನನ್ನ ತಮ್ಮ, ಕಾಕಾನ ಇಬ್ರು ಮಕ್ಕಳು, ನಾಲ್ಕೂ ಮಂದಿಗೆ ಡಬ್ಲ್ಯೂಡಬ್ಲ್ಯೂಎಫ್ ಹುಚ್ಚು. ಪೈಲ್ವಾನರ ಫೋಟೋ ಇದ್ದ ಕಾರ್ಡ್ ಕೂಡಿಸಿ ಆಡ್ತಿದ್ವಿ. ಅಂಡರ್‌ಟೇಕರ್ ಏಳು ಸಲ ಸತ್ತು ಏಳು ಸಲ ಹುಟ್ಟ್ಯಾನ ಅಂತ ನಮ್ಮ ಸಾಲ್ಯಾಗ ಎಲ್ಲಾರಿಗೂ ಗೊತ್ತಿತ್ತು. ಮಾಸ್ತರಿಗೆ ಅಷ್ಟ ಗೊತ್ತಿರಲಿಲ್ಲ.

ಒಂದಿನ ಅಜ್ಜ ಕಟ್ಟಿ ಮ್ಯಾಲಿಂದ ಎದ್ದು ಒಳಗ ಬಂದು, ಬಾಗಲಾಗ ನಿಂತು ಸ್ವಲ್ಪ ಹೊತ್ತು ನೋಡಿದ. ನಮ್ಮ ಅಜ್ಜ ಹರೇದಾಗ ಪೈಲ್ವಾನ. ಸುತ್ತಲಿನ ಹತ್ತೂರು ಜಾತ್ರ್ಯಾಗ ಕುಸ್ತಿ ಹಿಡದಾಂವ. ಕಿವಿ ಎರಡೂ ಒಣಗಿದ ಬದನಿಕಾಯಿಗತೆ ಮುದುಡಿದ್ವು. ನೋಡಿ ನೋಡಿ ಒಂದ ಮಾತು ಕೇಳಿದ: "ಇದು ನಿಕಾಲಿ ಐತೇನ್ರೋ?"

ನಮ್ಮ ಕಡೆ ಜಾತ್ರಿ ಪೋಸ್ಟರ್ ನೋಡಿದವ್ರಿಗೆ ಗೊತ್ತಿರ್ತೈತಿ, ‘ಜಂಗಿ ನಿಕಾಲಿ ಕುಸ್ತಿಗಳು’ ಅಂತ ದಪ್ಪ ಅಕ್ಷರದಾಗ ಹಾಕಿರ್ತಾರ. ನಿಕಾಲಿ ಅಂದ್ರ ನಿಕಾಲ ಆಗಲೇಬೇಕು. ಒಬ್ಬ ಚಿತ್ತ್ ಆಗಬೇಕು, ಬೆನ್ನಿಗೆ ಮಣ್ಣು ಹತ್ತಬೇಕು. ಒಳಗಿಂದೊಳಗ ಮಾತಾಡಿಕೊಂಡು ಆಡೋದಲ್ಲ.

ನಾವು "ಹೂಂ ಅಜ್ಜಾ, ನಿಕಾಲಿನ" ಅಂದ್ವಿ. ಅಜ್ಜ ನಕ್ಕು, "ಇದು ಬಯಲಾಟ ಲೇ. ಬಯಲಾಟದಾಗ ಕೀಚಕ ಸಾಯ್ತಾನ, ಹಿಂದ ಹೋಗಿ ಬೀಡಿ ಸೇದ್ತಾನ. ಇದೂ ಹಂಗ" ಅಂದು ಹೊರಗ ಹೋದ. ನಾನು ಎರಡು ದಿನ ಅಜ್ಜನ ಕೂಡ ಮಾತಾಡಲಿಲ್ಲ.

ಈಗ ಅಜ್ಜ ಇಲ್ಲ. ಮೊನ್ನೆ ನನ್ನ ಮಗ ಮೊಬೈಲ್‌ನ್ಯಾಗ ಅದ ಕುಸ್ತಿ ನೋಡಕೋತ, "ಅಪ್ಪಾ, ಇದು ಖರೇನೋ ಸುಳ್ಳೋ?" ಅಂತ ಕೇಳಿದ. ಅಜ್ಜನ ಉತ್ತರ ನಾಲಿಗಿ ತುದಿಗೆ ಬಂತು. ಆದ್ರ ಹೇಳಲಿಲ್ಲ. ಯಾಕಂದ್ರ ಈ ರೊಕ್ಕದ ಕುಸ್ತಿ ಹೆಂಗ ಹುಟ್ಟಿತು, ಯಾವಾಗ ಸುಳ್ಳಾತು ಅಂತ ನಾನ ಒಂದಿಷ್ಟು ಓದಿದ್ದೆ, ಮತ್ತ ಉತ್ತರ ಅಷ್ಟು ಸರಳ ಇಲ್ಲ ಅಂತ ಗೊತ್ತಾಗಿತ್ತು. ಅದನ್ನ ನಿಮಗೂ ಹೇಳ್ತೀನಿ. ಸ್ವಲ್ಪ ಉದ್ದ ಐತಿ, ಚಾ ಇಟಗೊಂಡು ಕುಂದರ್ರಿ.

ಟಿಕೀಟ್ ಇಟ್ಟು ಕುಸ್ತಿ ತೋರ್ಸೋ ಧಂದೆ ದೊಡ್ಡದಾಗಿ ಚಾಲೂ ಆಗಿದ್ದು ಫ್ರಾನ್ಸ್‌ನ ಜಾತ್ರಿ, ಸರ್ಕಸ್‌ನ್ಯಾಗ. ನೆಪೋಲಿಯನ್ನನ ದಂಡಿನ್ಯಾಗ ಇದ್ದ ಝಾನ್ ಎಕ್ಸ್‌ಬ್ರಾಯಾ ಅನ್ನೋ ಸಿಪಾಯಿ 1848ರ ಸುಮಾರಿಗೆ ಪೈಲ್ವಾನರ ತಂಡ ಕಟ್ಟಿ ಊರೂರು ತಿರುಗಿದ. ಟೊಂಕದ ಕೆಳಗ ಹಿಡಿಯೋ ಹಂಗಿಲ್ಲ ಅನ್ನೋದು ಅವನ ನಿಯಮ. ಮುಂದ ಇದಕ್ಕ ‘ಗ್ರೀಕೋ-ರೋಮನ್’ ಅಂತ ಹೆಸರು ಬಂತು. ಹೆಸರು ದೊಡ್ಡದು ಅಷ್ಟ, ಹಳೇ ಗ್ರೀಕರಿಗೂ ರೋಮನ್ನರಿಗೂ ಅದಕ್ಕೂ ಸಂಬಂಧ ಅಷ್ಟಕ್ಕಷ್ಟ. ಆ ಕಡೆ ಇಂಗ್ಲೆಂಡಿನ ಲ್ಯಾಂಕಶೈರ್‌ನ್ಯಾಗ ಗಣಿ ಕೆಲಸದ ಮಂದಿ ಬ್ಯಾರೆ ತರ ಹಿಡೀತಿದ್ರು. ಕಾಲು, ತೊಡಿ, ಎಲ್ಲೆ ಸಿಗ್ತೈತೋ ಅಲ್ಲೆ ಹಿಡಿ. ಇದಕ್ಕ ‘ಕ್ಯಾಚ್’ ಅಂತಿದ್ರು. ನಮ್ಮ ಕೆಂಪು ಮಣ್ಣಿನ ಕುಸ್ತಿಗೆ ಹತ್ರ ಇದ್ದದ್ದು ಇದು. ಈ ಎರಡೂ ಹಡಗ ಹತ್ತಿ ಅಮೆರಿಕಾಕ್ಕ ಹೋದ್ವು.

ಅಮೆರಿಕಾದಾಗ ಮೊದಲ ದೊಡ್ಡ ಹೆಸರು ವಿಲಿಯಂ ಮುಲ್ಡೂನ್. ನ್ಯೂಯಾರ್ಕಿನ ಪೊಲೀಸ ಇದ್ದಾಂವ, ಗ್ರೀಕೋ-ರೋಮನ್ ಕುಸ್ತಿ ಚಾಂಪಿಯನ್. 1881ರ ಜನವರ್ಯಾಗ ನ್ಯೂಯಾರ್ಕಿನ್ಯಾಗ ಕ್ಲಾರೆನ್ಸ್ ವಿಸ್ಲರ್ ಅನ್ನಾಂವನ ಕೂಡ ಅವನ ಕುಸ್ತಿ ನಡೀತು. ಎಷ್ಟು ಹೊತ್ತು ಗೊತ್ತೇನು? ಸುಮಾರು ಎಂಟು ತಾಸು. ನಮ್ಮವ್ವ ರೊಟ್ಟಿ ಬಡಿಯಾಕ ಕುಂತಾಗ ಚಾಲೂ ಆಗಿದ್ರ, ರೊಟ್ಟಿ ಮುಗದು, ಬಟ್ಟಿ ತೊಳದು, ಊಟ ಆಗಿ, ಮಧ್ಯಾಹ್ನದ ನಿದ್ದಿ ಮಾಡಿ ಎದ್ದು ಚಾಕ್ಕ ನೀರಿಡೋ ತನಕ ಅವ್ರಿಬ್ರೂ ಹಿಡಕೊಂಡ ನಿಂತಿರ್ತಿದ್ರು. ಕಡೀಕ ಒಬ್ಬನೂ ಬೀಳಲಿಲ್ಲ, ಸಮ ಅಂತ ಬಿಡಿಸಿದ್ರು.

ಖರೆ ಕುಸ್ತಿಯ ದೊಡ್ಡ ತೊಂದರಿನ ಇದು. ಇಬ್ರೂ ಸಮಬಲ ಇದ್ರ, ಇಬ್ರಿಗೂ ವಿದ್ಯಾ ಗೊತ್ತಿದ್ರ, ಏನೂ ಆಗಂಗಿಲ್ಲ. ತಿಳದಾಂವಗ ಒಂದೊಂದು ಬೆರಳಿನ ಹಿಡಿತದಾಗೂ ಕಥಿ ಕಾಣ್ತೈತಿ. ನಮ್ಮ ಅಜ್ಜನಂಥಾಂವ ಮೂರು ತಾಸು ಕುಂತು ನೋಡ್ಯಾನು. ಆದ್ರ ರೊಕ್ಕ ಕೊಟ್ಟು ಬಂದ ಮಂದಿ ಆಕಳಿಸಾಕ ಹತ್ತಿದ್ರ ಧಂದೆ ನಡೀಬೇಕೆಂಗ?

ಎರಡನೇ ತೊಂದರಿ ಜೂಜಿಂದು. ಅಮೆರಿಕಾದ ಊರೂರು ತಿರುಗೋ ಜಾತ್ರಿ ಮ್ಯಾಳಗಳಾಗ ಒಂದು ಡೇರೆ ಪೈಲ್ವಾನರದು ಇರ್ತಿತ್ತು. ನಮ್ಮ ಪೈಲ್ವಾನನ ಮುಂದ ಇಷ್ಟು ನಿಮಿಷ ತಡದು ನಿಂತ್ರ ಇಷ್ಟು ಡಾಲರ್ ಅಂತ ಕೂಗ್ತಿದ್ರು. ಊರಾಗಿನ ಗಟ್ಟಿ ಹುಡುಗ್ರು ಹುರುಪಿಲೆ ಏರ್ತಿದ್ರು. ಡೇರೆ ಪೈಲ್ವಾನರು ನೋಡಾಕ ಸಾದಾ, ಆದ್ರ ಕೈ, ಕಾಲು, ಕೊಳ್ಳು ತಿರುಚೋ ಪಟ್ಟು ಗೊತ್ತಿದ್ದವ್ರು. ಈ ಡೇರೆ ಮಂದಿ ತಮ್ಮ ತಮ್ಮೊಳಗ ಒಂದು ಭಾಷಾ ಇಟಗೊಂಡಿದ್ರು. ಮೊದ್ಲ ಮಾತಾಡಿಕೊಂಡು ಆಡಿದ್ರ ಅದು ‘ವರ್ಕ್’, ಅಂದ್ರ ಕೆಲಸ. ಖರೇವಂದ್ರ ಹಿಡದ್ರ ಅದು ‘ಶೂಟ್’. ನಮ್ಮ ಅಜ್ಜನ ಭಾಷಾದಾಗ ಹೇಳೂದಾದ್ರ ಶೂಟ್ ಅಂದ್ರ ನಿಕಾಲಿ.

ಮೋಸ ಎಷ್ಟರ ಮಟ್ಟಿಗೆ ಇತ್ತಂದ್ರ, ಅಯೋವಾ ರಾಜ್ಯದ ಕೌನ್ಸಿಲ್ ಬ್ಲಫ್ಸ್ ಊರಾಗ ಮೇಬ್ರೇ ಅನ್ನಾಂವ ಒಂದು ಟೋಳಿನ ಕಟಗೊಂಡಿದ್ದ. ಕುದುರಿ ಜೂಜು, ಮುಷ್ಟಿಕಾಳಗ, ಕುಸ್ತಿ, ಎಲ್ಲಾದ್ರಾಗೂ ಫಲಿತಾಂಶ ಮೊದ್ಲ ಫೈಸಲ್ ಮಾಡಿ, ರೊಕ್ಕಸ್ತರನ್ನ ಕರಕೊಂಡು ಬಂದು ಅವ್ರ ಕಡೆ ಪಣ ಕಟ್ಟಿಸಿ ಬೋಳಿಸೋದು. 1910ರಾಗ ಕೇಸ್ ನಡದು ಅಂವ ಜೇಲಿಗೆ ಹೋದ. ಇದು ಯಾಕ ಹೇಳಿದೆ ಅಂದ್ರ, ಹಿಂದಿನ ಕಾಲದ ಕುಸ್ತಿ ಎಲ್ಲಾ ಖರೆ ಇತ್ತು, ಈಗಿಂದು ಅಷ್ಟ ಸುಳ್ಳು ಅನ್ನೋ ಮಾತು ಸರಿ ಅಲ್ಲ. ಸುಳ್ಳು ಮೊದ್ಲಿಂದನೂ ಖರೇದ ಮಗ್ಗಲಾಗ ಚಾಪಿ ಹಾಸಿಕೊಂಡು ಕುಂತಿತ್ತು.

ಇಷ್ಟಾದ್ರೂ ಖರೆ ಪೈಲ್ವಾನರು ಇದ್ರು. ಅದ ಅಯೋವಾದಾಗ ಮಾರ್ಟಿನ್ ಬರ್ನ್ಸ್ ಅಂತ ಒಬ್ಬ ಇದ್ದ, ‘ರೈತ ಬರ್ನ್ಸ್’ ಅಂತನ ಹೆಸರು. ಅವನ ಕೊಳ್ಳು ಎಷ್ಟು ಗಟ್ಟಿ ಅಂದ್ರ ಫಾಶಿ ಹಗ್ಗ ಹಾಕಿಕೊಂಡು ಜೋತುಬಿದ್ದು ಮಂದಿಗೆ ತೋರಿಸ್ತಿದ್ದ. (ಹುಡುಗ್ರು ಓದಾಕತ್ತಿದ್ರ ಈ ಸಾಲು ಬಿಟ್ಟು ಓದ್ರೆಪಾ.) 1899ರಾಗ ಬರ್ನ್ಸನ ಎದುರು ಒಬ್ಬ ರೈತರ ಹುಡುಗ ನಿಂತ. ಸೋತ, ಆದ್ರ ಸುಮಾರು 11 ನಿಮಿಷ ತಡದ. ಬರ್ನ್ಸ್ ಅವನ್ನ ಶಿಷ್ಯ ಮಾಡಿಕೊಂಡ. ಆ ಹುಡುಗ ಫ್ರ್ಯಾಂಕ್ ಗಾಚ್.

ಸಮುದ್ರದ ಆ ಕಡೆ ಆಗ ಜಾರ್ಜ್ ಹ್ಯಾಕನ್‌ಶ್ಮಿಟ್‌ನ ಕಾಲ. ಎಸ್ಟೋನಿಯಾದ ಟಾರ್ಟು ಊರಾಗ 1877ರಾಗ ಹುಟ್ಟಿದಾಂವ. ಆಗ ಅದು ರಷ್ಯಾದ ಆಳ್ವಿಕಿ ಕೆಳಗ ಇತ್ತು, ಅದಕ್ಕ ಅವನ್ನ ‘ರಷ್ಯನ್ ಸಿಂಹ’ ಅಂತಿದ್ರು. 1904ರಾಗ ಲಂಡನ್ನಿನ ಒಲಿಂಪಿಯಾದಾಗ ಅಹ್ಮದ್ ಮದ್ರಾಲಿ ಅನ್ನೋ ತುರ್ಕಿ ಪೈಲ್ವಾನನ್ನ ಎತ್ತಿ ಒಗದು ಒಂದು ನಿಮಿಷದಾಗ ಮುಗಿಸಿದ. 1905ರ ಮೇ ತಿಂಗಳದಾಗ ನ್ಯೂಯಾರ್ಕಿಗೆ ಹೋಗಿ ಟಾಮ್ ಜೆಂಕಿನ್ಸನ್ನ ಸೋಲಿಸಿದ. ಜೆಂಕಿನ್ಸ್ ಅಮೆರಿಕಾದ ಚಾಂಪಿಯನ್, ಕಬ್ಬಿಣದ ಕಾರ್ಖಾನ್ಯಾಗ ದುಡದಾಂವ, ಒಂದು ಕಣ್ಣು ಇರಲಿಲ್ಲ. ಅವನ್ನ ಸೋಲಿಸಿದ ಮ್ಯಾಲ ಹ್ಯಾಕನ್‌ಶ್ಮಿಟ್‌ನ್ನ ಎಲ್ಲಾರೂ ಜಗತ್ತಿನ ಚಾಂಪಿಯನ್ ಅಂತ ಒಪ್ಪಿದ್ರು.

ಗಾಚ್ ಮತ್ತ ಹ್ಯಾಕನ್‌ಶ್ಮಿಟ್ ಕೂಡಿದ್ದು 1908ರ ಏಪ್ರಿಲ್ 3ಕ್ಕ, ಶಿಕಾಗೋದಾಗ. ಎರಡು ತಾಸು ದಾಟಿತು. ಹ್ಯಾಕನ್‌ಶ್ಮಿಟ್ ಕಡೀಕ ತಾನ ಕೈ ಬಿಟ್ಟ. ಆಮ್ಯಾಲ, ಗಾಚ್ ಮೈಗೆ ಎಣ್ಣಿ ಹಚ್ಚಿಕೊಂಡಿದ್ದ, ಹಿಡಿಯಾಕ ಬರಲಿಲ್ಲ ಅಂತ ತಕರಾರ ತಗದ. ಮೂರು ವರ್ಷ ಮಂದಿ ಅದನ್ನ ಮಾತಾಡಿದ್ರು. 1911ರ ಸೆಪ್ಟೆಂಬರ್ 4ಕ್ಕ ಮತ್ತ ಶಿಕಾಗೋದಾಗ, ಬೇಸ್‌ಬಾಲ್ ಆಡೋ ಕಾಮಿಸ್ಕಿ ಪಾರ್ಕಿನ್ಯಾಗ ಎರಡನೇ ಸಲ ಕೂಡಿದ್ರು. ಸುಮಾರು 30 ಸಾವಿರ ಮಂದಿ ಬಂದಿದ್ರು. ಆದ್ರ ತಾಲೀಮಿನ್ಯಾಗ ಹ್ಯಾಕನ್‌ಶ್ಮಿಟ್‌ನ ಮೊಣಕಾಲು ಕೆಟ್ಟಿತ್ತು. ಟಿಕೀಟ್ ಖರ್ಚಾಗಿದ್ವು, ಕುಸ್ತಿ ನಿಲ್ಲಿಸೋ ಹಂಗಿರಲಿಲ್ಲ. ಅರ್ಧ ತಾಸಿನೊಳಗ ಗಾಚ್ ಎರಡೂ ಸಲ ಅವನ್ನ ಚಿತ್ತ್ ಮಾಡಿದ. ಬಂದ ಮಂದಿಗೆ ಸಮಾಧಾನ ಆಗಲಿಲ್ಲ. ಇಷ್ಟು ರೊಕ್ಕ ಕೊಟ್ಟು ಕುಂಟಾಂವನ ಕುಸ್ತಿ ನೋಡಿದಂಗಾತು ಅಂತ ಬೈಕೋತ ಹೋದ್ರು.

ಈ ಮೊಣಕಾಲಿನ ಮಾತು ಸ್ವಲ್ಪ ನೆನಪಿಟ್ಟುಕೊಳ್ರಿ. ಮುಂದ ಬರ್ತೈತಿ.

ಇನ್ನೊಬ್ಬಾಂವ ಅದಾನ, ಈ ಕಥಿಯ ಖರೆ ನಾಯಕ ಅಂವ. ಹೆಸರು ಸ್ಟಾನಿಸ್ಲಾಸ್ ಝ್ಬಿಶ್ಕೋ. ಮೊದ್ಲ ಹೇಳ್ತೀನಿ, ನಮ್ಮ ಮನ್ಯಾಗ ಯಾರ ನಾಲಿಗಿಗೂ ಈ ಹೆಸರು ಹತ್ತಲಿಲ್ಲ, ಕಡೀಕ ‘ಬಿಸ್ಕೋ’ ಅಂತ ಮಾಡಿಕೊಂಡ್ವಿ. 1879ರಾಗ ಪೋಲೆಂಡಿನ್ಯಾಗ ಹುಟ್ಟಿದಾಂವ. ಡೊಳ್ಳಿನಂಥ ಎದಿ, ಕೊಳ್ಳ ಕಾಣಂಗಿಲ್ಲ, ನೆಲಕ್ಕ ಕುಂತ್ರ ಬೀಸೋ ಕಲ್ಲು ಇಟ್ಟಂಗ. ಇವನ ಆಯುಷ್ಯ ನೋಡಿದ್ರ ರೊಕ್ಕದ ಕುಸ್ತಿಯ ಇತಿಹಾಸ ಪೂರಾ ನೋಡಿದಂಗ.

1910ರ ಜೂನ್ 1ಕ್ಕ ಶಿಕಾಗೋದಾಗ ಗಾಚ್‌ನ ಕೂಡ ಅವನ ಕುಸ್ತಿ. ಚಾಲೂ ಆದಾಗ ಝ್ಬಿಶ್ಕೋ ರಿವಾಜಿನಂಗ ಕೈ ಮಿಲಾಯಿಸಾಕ ಕೈ ಮುಂದ ಮಾಡಿದ. ಗಾಚ್ ಕೈ ಬಿಟ್ಟು ಕಾಲಿಗೆ ಬಿದ್ದು ಎಳದು ಕೆಡವಿದ. ಆರ ಸೆಕೆಂಡು! ಝ್ಬಿಶ್ಕೋನ ಕಡೆಯವ್ರು ಒದರಾಡಿದ್ರು, ಕೇಳವ್ರ್ಯಾರು? ಎರಡನೇ ಸಲಾನೂ ಸೋತ. ನಂಬಿ ಕೈ ಕೊಟ್ಟದ್ದಕ್ಕ ಸಿಕ್ಕ ಪಾಠ ಅದು. ಆ ಪಾಠ ಅಂವ ಹದಿನೈದು ವರ್ಷ ಮರೀಲಿಲ್ಲ ಅಂತ ನನಗ ಅನಸ್ತೈತಿ.

ಅದ 1910ರ ಬ್ಯಾಸಿಗ್ಯಾಗ ನಮ್ಮ ಗಾಮಾ ಲಂಡನ್ನಿಗೆ ಹೋಗಿದ್ದ. ಗಾಮಾನ ಹೆಸರು ಕೇಳದ ಗರಡಿಮನಿ ನಮ್ಮ ಕಡೆ ಎಲ್ಲೆ ಐತಿ? ಅಮೃತಸರದ ಕಡೆಯಾಂವ, ದತಿಯಾ ಸಂಸ್ಥಾನದ ಆಸರದಾಗ ಬೆಳದಾಂವ. ತಮ್ಮ ಇಮಾಮ್ ಬಕ್ಷ್‌ನೂ ಸಂಗಾಟ ಇದ್ದ. ಎತ್ತರ ಸಾಲಂಗಿಲ್ಲ ಅಂತ ಲಂಡನ್ನಿನವ್ರು ಗಾಮಾನ್ನ ಪಂದ್ಯಾವಳ್ಯಾಗ ತಗೊಳ್ಳಲಿಲ್ಲ. ಅವಾಗ ಅಂವ ಸವಾಲ ಹಾಕಿದ, ಯಾರೂ ಬರ್ರಿ, ಅರ್ಧ ತಾಸಿನ್ಯಾಗ ಮೂರು ಮಂದೀನ ಒಗೀತೀನಿ ಅಂತ. ಬೆಂಜಮಿನ್ ರೋಲರ್ ಅನ್ನೋ ಅಮೆರಿಕಾದ ಡಾಕ್ಟರ್ ಪೈಲ್ವಾನ ಬಂದ, ನೆಲಕ್ಕ ಬಿದ್ದ. ಆಮ್ಯಾಲ ಸೆಪ್ಟೆಂಬರ್ 10ಕ್ಕ ಝ್ಬಿಶ್ಕೋ ಬಂದ.

ಗಾಮಾ ಒಂದ ನಿಮಿಷದಾಗ ಅವನ್ನ ಕೆಳಗ ತಂದ. ಆದ್ರ ಝ್ಬಿಶ್ಕೋ ಕವಚಿ ಬಿದ್ದಾಂವ ಮ್ಯಾಲ ಏಳಲೇ ಇಲ್ಲ. ಎರಡೂವರಿ ತಾಸು! ನೆಲಾ ತಬ್ಬಿಕೊಂಡ ಮಲಗಿದ. ಗಾಮಾ ಆ ಕಡೆ ಎಳದ, ಈ ಕಡೆ ಎಳದ, ಬೀಸೋ ಕಲ್ಲು ಅಳ್ಳಾಡಲಿಲ್ಲ. ಕತ್ತಲಾಗಾಕ ಬಂತು, ಸಮ ಅಂತ ಬಿಡಿಸಿ, ಸೆಪ್ಟೆಂಬರ್ 17ಕ್ಕ ಮತ್ತ ಬರ್ರಿ ಅಂದ್ರು. ಆ ದಿನ ಗಾಮಾ ಬಂದ, ಝ್ಬಿಶ್ಕೋ ಬರಲಿಲ್ಲ. ಜಾನ್ ಬುಲ್ ಬೆಲ್ಟ್ ಗಾಮಾಗ ಸಿಕ್ಕಿತು. ಗಾಚ್, ಹ್ಯಾಕನ್‌ಶ್ಮಿಟ್ ಇಬ್ರಿಗೂ ಗಾಮಾ ಸವಾಲ ಕೊಟ್ಟಿದ್ದ. ಇಬ್ರೂ ಅವನ ಎದುರು ಇಳೀಲಿಲ್ಲ.

ಈಗ ವಿಚಾರ ಮಾಡ್ರಿ. ಈ ಲಂಡನ್ ಕುಸ್ತಿ ಪೂರಾ ನಿಕಾಲಿ. ಸುಳ್ಳಿಲ್ಲ, ಒಪ್ಪಂದಿಲ್ಲ. ಆದ್ರ ನೋಡಿದವ್ರಿಗೆ ಏನು ಸಿಕ್ಕಿತು? ಎರಡೂವರಿ ತಾಸು ಒಬ್ಬ ಮಲಗಿದ್ದು. ಪತ್ರಿಕೆಯವ್ರು ಝ್ಬಿಶ್ಕೋಗ ಉಗದ್ರು.

ಗಾಚ್ 1917ರಾಗ ತೀರಿಕೊಂಡ. ಅವನ ಜಾಗಾಕ್ಕ ಜೋ ಸ್ಟೆಕರ್, ಎಡ್ ‘ಸ್ಟ್ರ್ಯಾಂಗ್ಲರ್’ ಲೂಯಿಸ್ ಬಂದ್ರು. ಸ್ಟೆಕರ್ ನೆಬ್ರಾಸ್ಕಾದ ರೈತರ ಮಗ. ಕಾಳಿನ ಚೀಲ ತೊಡ್ಯಾಗ ಹಿಡದು ಅಮುಕಿ ಅಮುಕಿ ಕತ್ತರಿ ಪಟ್ಟು ಕಲ್ತಾಂವ. 1916ರ ಜುಲೈ 4ಕ್ಕ ಒಮಾಹಾ ಊರಾಗ ಇವ್ರಿಬ್ರ ಕುಸ್ತಿ ಹತ್ತಹತ್ರ ಐದು ತಾಸು ನಡದು, ಅದೂ ಸಮ ಆತು. ಬಿಸಲಾಗ ಕುಂತು ನೋಡಿದ ಮಂದಿ ಬೊಬ್ಬಿ ಹೊಡದ್ರು.

ಇದ್ರಿಂದ ಪಾಠ ಕಲ್ತವ್ರು ಮೂರು ಮಂದಿ. ಲೂಯಿಸ್, ಅವನ ಮ್ಯಾನೇಜರ್ ಬಿಲ್ಲಿ ಸ್ಯಾಂಡೋ, ಮತ್ತ ಟೂಟ್ಸ್ ಮಾಂಟ್ ಅನ್ನೋ ಪೈಲ್ವಾನ. 1920ರ ದಶಕದಾಗ ಇವ್ರು ಕೂಡಿ ಧಂದೆನ ಬದಲ ಮಾಡಿದ್ರು. ಕುಸ್ತಿಗೆ ಹೊತ್ತು ಗೊತ್ತು ಮಾಡಿದ್ರು. ಮುಷ್ಟಿಕಾಳಗದ ರಿಂಗು, ಬೀದಿ ಜಗಳದ ಹೊಡೆತ, ಎತ್ತಿ ಒಗಿಯೋದು ಎಲ್ಲಾ ಕೂಡಿಸಿದ್ರು. ಪೈಲ್ವಾನರನ್ನ ಪಗಾರದ ಮ್ಯಾಲ ಇಟಗೊಂಡು, ನಾಟಕ ಕಂಪನಿಗತೆ ಊರಿಂದ ಊರಿಗೆ ಕರಕೊಂಡು ಹೋದ್ರು. ಇಂದಿನ ಊರಾಗ ಇಂವ ಗೆಲ್ಲೋದು, ಮುಂದಿನ ಊರಾಗ ಅಂವ. ಇವತ್ತು ಟೀವ್ಯಾಗ ನೋಡೋ ಕುಸ್ತಿಗೆ ಬುನಾದಿ ಹಾಕಿದ್ದು ಇಲ್ಲೆ.

ಹಂಗಂತ ಲೂಯಿಸ್ ನಾಟಕದ ಪೈಲ್ವಾನ ಅಲ್ಲ. ತಲಿಗೆ ಕೈ ಸುತ್ತಿ ಅವನು ಹಾಕೋ ಹಿಡಿತಕ್ಕ ಖರೇವಂದ್ರನ ಮಂದಿ ಅಂಜ್ತಿದ್ರು. ಅಂಥಾಂವ ಯಾಕ ಬೇಕಿತ್ತಂದ್ರ, ಆಟ ಆಡಾಕ ಒಪ್ಪಿ ಬಂದಾಂವ ರಿಂಗಿನ್ಯಾಗ ಒಮ್ಮಿಗೇ ಮನಸ್ಸು ಬದಲಿಸಿ ಖರೆ ಕುಸ್ತಿಗೆ ಇಳದ್ರ ಚಾಂಪಿಯನ್ ತನ್ನ ಬೆಲ್ಟ್ ತಾನ ಕಾಯ್ಕೋಬೇಕಲ್ಲ? ಅಂದ್ರ ಸುಳ್ಳ ಕುಸ್ತಿ ಕಾಯಾಕೂ ಒಬ್ಬ ಖರೆ ಪೈಲ್ವಾನ ಬೇಕಾಗಿದ್ದ.

ಇದನ್ನ ಮರತದ್ದ ಅವ್ರಿಗೆ ಮುಳುವಾತು.

ಝ್ಬಿಶ್ಕೋ ಆಗ ಅಮೆರಿಕಾದಾಗ ಇದ್ದ. 1921ರಾಗ, 42ನೇ ವಯಸ್ಸಿನ್ಯಾಗ ಲೂಯಿಸ್‌ನಿಂದ ಬೆಲ್ಟ್ ತಗೊಂಡು ಮರುವರ್ಷ ತಿರುಗಿ ಕೊಟ್ಟಿದ್ದ. ಈ ಮೂವರಿಗೆ ಹೊಸಾ ಮುಖ ಬೇಕಾತು. ವೇಯ್ನ್ ಮನ್ ಅಂತ ನೆಬ್ರಾಸ್ಕಾದ ಫುಟ್‌ಬಾಲ್ ಆಟಗಾರ ಸಿಕ್ಕ. ಆರೂವರಿ ಅಡಿ ಎತ್ತರ, ನೋಡಾಕ ಭೀಮಸೇನ, ಕುಸ್ತಿ ಮಾತ್ರ ಅಷ್ಟಕ್ಕಷ್ಟ. 1925ರ ಜನವರಿ 8ಕ್ಕ ಕ್ಯಾನ್ಸಸ್ ಸಿಟಿಯಾಗ ಲೂಯಿಸ್ ಅವನಿಗೆ ಬೇಕಂತ ಸೋತ. ಮನ್ ಚಾಂಪಿಯನ್ ಆದ. ಇನ್ನ ಅವನ ಹೆಸರು ಬೆಳಸಬೇಕು, ಯಾರ್ನರೆ ದೊಡ್ಡ ಹೆಸರಿನಾಂವನ್ನ ಕೆಡವಿಸಬೇಕು. ಝ್ಬಿಶ್ಕೋಗ ಹೇಳಿದ್ರು, ನೀ ಬೀಳಬೇಕು ಅಂತ. ವಯಸ್ಸು 46 ಆಗಿತ್ತು, ಬೀಳ್ತಾನ ಅಂತ ಅಂದುಕೊಂಡ್ರು.

1925ರ ಏಪ್ರಿಲ್ 15, ಫಿಲಡೆಲ್ಫಿಯಾ. ಝ್ಬಿಶ್ಕೋ ಎದುರಾಳಿ ಕಂಪನಿಯವ್ರ ಕೂಡ ಒಳಗಿಂದೊಳಗ ಮಾತಾಡಿಕೊಂಡಿದ್ದ. ರಿಂಗಿಗೆ ಇಳದಾಂವನ ನಿಕಾಲಿ ಹಿಡದ. ಮನ್‌ಗ ಏನಾಗಾಕತ್ತೈತಿ ಅಂತ ತಿಳಿಯೋದರೊಳಗ ಬೆನ್ನು ನೆಲಕ್ಕ. ಮತ್ತ ಎದ್ದ, ಮತ್ತ ಬೆನ್ನು ನೆಲಕ್ಕ. ಸಾವಿರಾರು ಮಂದಿ ಕಣ್ಣ ಮುಂದ ಆದದ್ದು, ಇಲ್ಲ ಅನ್ನಾಕ ಬರಂಗಿಲ್ಲ. ಬೆಲ್ಟ್ ಮುದುಕನ ಕೈಯಾಗ. ಮೇ 30ಕ್ಕ ಅಂವ ಅದನ್ನ ಸೇಂಟ್ ಲೂಯಿಸ್‌ನ್ಯಾಗ ಜೋ ಸ್ಟೆಕರ್‌ಗೆ ಬಿಟ್ಟುಕೊಟ್ಟ. ಈ ಎರಡನೇದು ಒಪ್ಪಂದ. ಮೊದಲಂದು ಖರೆ, ಆದ್ರ ಆ ಖರೆನೂ ರೊಕ್ಕ ತಗೊಂಡು ಮಾಡಿದ್ದು. ಈಗ ಹೇಳ್ರಿ, ಅವತ್ತು ಫಿಲಡೆಲ್ಫಿಯಾದಾಗ ಮೋಸ ಮಾಡಿದಾಂವ ಯಾರು? ಖರೆ ಕುಸ್ತಿ ಹಿಡದಾಂವ? ಇಲ್ಲಾ ಸುಳ್ಳ ಚಾಂಪಿಯನ್‌ನ ಮಾಡಿ ಕೂಡಿಸಿದವ್ರು? ನಾನು ಭಾಳ ಸಲ ವಿಚಾರ ಮಾಡೀನಿ, ಒಂದ ಉತ್ತರ ಸಿಗಂಗಿಲ್ಲ.

ಝ್ಬಿಶ್ಕೋನ ಲೆಕ್ಕದಾಗ ಇನ್ನೊಂದು ಕುಸ್ತಿ ಬಾಕಿ ಇತ್ತು. 1928ರ ಜನವರ್ಯಾಗ ಪಟಿಯಾಲಾದ ಮಹಾರಾಜ ಭೂಪಿಂದರ್ ಸಿಂಗ್ ಅವ್ರು ಅವನ್ನ ಕರಿಸಿದ್ರು. ಗಾಮಾನ ಕೂಡ, ಮಣ್ಣಿನ ಅಖಾಡಾದಾಗ. ಇಬ್ರೂ ಐವತ್ತರ ಆಜೂಬಾಜೂ. ಹತ್ತಾರು ಸಾವಿರ ಮಂದಿ ಕೂಡಿದ್ರು. ಹದಿನೇಳು ವರ್ಷದ ಹಿಂದ ಎರಡೂವರಿ ತಾಸು ಆದ್ರೂ ಮುಗೀದ ಕುಸ್ತಿ, ಈ ಸಲ ಒಂದು ನಿಮಿಷನೂ ಹಿಡೀಲಿಲ್ಲ. ಗಾಮಾ ಅವನ್ನ ಚಿತ್ತ್ ಮಾಡಿದ. ಈ ಸಲ ಝ್ಬಿಶ್ಕೋ ನೆಲಾ ತಬ್ಬಿಕೊಂಡು ಮಲಗಲಿಲ್ಲ, ಎದುರಾ ಎದುರ ನಿಂತು ಸೋತ. ನನಗ ಅವನ ಮ್ಯಾಲ ಗೌರವ ಬಂದದ್ದು ಇಲ್ಲೆ. ಬರದ ಇದ್ರೂ ನಡೀತಿತ್ತು, ಬಂದ.

ಮುಂದ 1950ರಾಗ ‘ನೈಟ್ ಆಂಡ್ ದ ಸಿಟಿ’ ಅನ್ನೋ ಇಂಗ್ಲಿಷ್ ಸಿನಿಮಾದಾಗ ಝ್ಬಿಶ್ಕೋ ಪಾತ್ರ ಮಾಡಿದ. ಗ್ರೀಕೋ-ರೋಮನ್ ಕುಸ್ತಿನ ದೇವ್ರಂಗ ನಂಬಿದ, ತಮಾಷಾ ಕುಸ್ತಿ ಕಂಡ್ರ ಉರಿಯೋ ಒಬ್ಬ ಮುದಿ ಪೈಲ್ವಾನನ ಪಾತ್ರ ಅದು. ನಾನು ನೋಡ್ದಾಗ ಅದ್ರಾಗಿನ ಕುಸ್ತಿ ಮುಗಿಯೋ ತನಕ ಉಸಿರ ಬಿಡಲಿಲ್ಲ. ಸಿನಿಮಾದ ಸುಳ್ಳ ಕುಸ್ತಿ ಅಂತ ಗೊತ್ತಿದ್ದೂ.

ಇನ್ನ ನಮ್ಮ ಡಬ್ಲ್ಯೂಡಬ್ಲ್ಯೂಎಫ್ ಕಥಿ. ಅದ್ರ ಮಾಲಕರು 1989ರಾಗನ ನ್ಯೂಜೆರ್ಸಿ ರಾಜ್ಯದ ಸರ್ಕಾರದ ಮುಂದ ಒಪ್ಪಿಕೊಂಡಿದ್ರು, ನಮ್ಮದು ಸ್ಪರ್ಧೆ ಅಲ್ಲ, ಮನೋರಂಜನೆ ಅಂತ. ಯಾಕಂದ್ರ ಸ್ಪರ್ಧೆ ಅಂದ್ರ ತೆರಿಗಿ, ಕ್ರೀಡಾ ಇಲಾಖೆಯ ಕಾಟ. ಅಂದ್ರ ನಾನು ಅಜ್ಜನ ಕೂಡ ಸಿಟ್ಟಾಗಿ ಎರಡು ದಿನ ಮಾತು ಬಿಟ್ಟ ಹೊತ್ತಿಗೆ ಮಾಲಕರ ತಾವಾಗಿ ಹೇಳಿ ವರ್ಷಗಟ್ಲೆ ಆಗಿತ್ತು. ನಮ್ಮೂರಿಗೆ ಸುದ್ದಿ ಬಂದಿರಲಿಲ್ಲ ಅಷ್ಟ.

ಈಗ ಮೊಣಕಾಲಿನ ಮಾತು.

ನಮ್ಮ ಮನ್ಯಾಗ ಒಂದು ಕಥಿ ಐತಿ. ನಮ್ಮ ಅಪ್ಪಗ ಕಾಲೇಜ ಹಚ್ಚುವಾಗ ಫೀಗೆ ರೊಕ್ಕ ಇರಲಿಲ್ಲ, ಅಜ್ಜ ಕುಸ್ತ್ಯಾಗ ಗೆದ್ದ ಬೆಳ್ಳಿ ಕಡಗ ಮಾರಿದ ಅಂತ. ಅಪ್ಪ ಈಗೂ ಅದನ್ನ ಹೇಳುವಾಗ ಕಣ್ಣಾಗ ನೀರ ತರ್ತಾನ. ಅಜ್ಜ ತೀರಿಕೊಂಡ ವರ್ಷ ಟ್ರಂಕ್ ತಗದು ನೋಡುವಾಗ ಇನ್ನೊಂದು ಕಡಗ ಸಿಕ್ತು. ಸಣ್ಣದು, ತೆಳ್ಳಗಂದು. ನಾನು ಆಯಿನ ಕೇಳಿದೆ, "ಆಯಿ, ಅಜ್ಜ ಯಾವುದು ಮಾರಿದ್ದ?"

"ದೊಡ್ಡದು ಮಾರಿದ. ಭಾರದ್ದು. ಇದನ್ನ ಇಟಗೊಂಡ."

"ದೊಡ್ಡದು ಮಾರಾಕ ಕೆಟ್ಟ ಅನಸಲಿಲ್ಲೇನು?"

ಆಯಿ ಸ್ವಲ್ಪ ಸುಮ್ಮನಿದ್ದು ಹೇಳಿದ್ಲು. ಆ ದೊಡ್ಡ ಕಡಗ ಒಂದು ದೊಡ್ಡ ಜಾತ್ರಿ ಕುಸ್ತ್ಯಾಗ ಬಂದದ್ದಂತ. ಎದುರಿನ ಪೈಲ್ವಾನ ಹೆಸರು ಮಾಡಿದಾಂವ, ಆದ್ರ ನಾಲ್ಕು ದಿನದ ಹಿಂದ ಮೊಣಕಾಲು ತಿರುವಿಕೊಂಡಿದ್ದ. ಹೇಳಿದ್ರ ಕುಸ್ತಿ ರದ್ದಾಗ್ತಿತ್ತು, ಅವಗ ಬರೋ ರೊಕ್ಕ ಹೋಗ್ತಿತ್ತು, ಮನ್ಯಾಗ ಮಗಳ ಮದುವಿ. ಹಿಂದಿನ ರಾತ್ರಿ ಅಜ್ಜನ ಕಡೆ ಬಂದು, "ಕಾಲು ಒಂದು ಮುಟ್ಟಬ್ಯಾಡ, ಇಪ್ಪತ್ತು ನಿಮಿಷ ಆಡಸು, ಆಮ್ಯಾಲ ಕೆಡವು" ಅಂದನಂತ. ಅಜ್ಜ ಹೂಂ ಅಂದ. ಇಪ್ಪತ್ತು ನಿಮಿಷ ಹಲಗಿ ಬಾರಿಸಿದ್ರು, ಮಂದಿ "ಹೌದ್ದ ಹುಲಿಯಾ" ಅಂತ ಒದರಿದ್ರು, ಯಾರಿಗೂ ತಿಳೀಲಿಲ್ಲ.

"ಅಂವನ ಮೊಣಕಾಲು ಕಾಯೋದು ಖರೆ ಕುಸ್ತಿಕಿಂತ ತ್ರಾಸ ಆತು ಅಂತಿದ್ದ ನಿಮ್ಮಜ್ಜ. ಮೈಯೆಲ್ಲಾ ನಡುಗ್ತಿತ್ತಂತ. ಆದ್ರ ಆ ಕಡಗ ಒಂದಿನಾನೂ ಕೈಗೆ ಹಾಕಲಿಲ್ಲ. ಮಾರುವಾಗ, ಅದು ಗೆದ್ದದ್ದಲ್ಲ ಹೋಗ್ಲಿ ಅಂದ."

ಟೀವಿ ಮುಂದ ನಿಂತು "ಇದು ಬಯಲಾಟ" ಅಂದಾಂವ ಇವನ. ಅದು ಬಯಲಾಟ ಅಂತ ಒಂದ ನೋಟಕ್ಕ ಹೆಂಗ ಗೊತ್ತಾತು ಅಂತ ಅವಾಗ ನನಗ ಹೊಳದಿರಲಿಲ್ಲ.

ಶಿಕಾಗೋದಾಗ 1911ರಾಗ ಒಬ್ಬನ ಮೊಣಕಾಲು ಕೆಟ್ಟಿತ್ತು, ಎದುರಿನಾಂವ ಬಿಡಲಿಲ್ಲ, ಅದು ನಿಕಾಲಿ. ನಮ್ಮ ಕಡೆ ಒಂದು ಜಾತ್ರ್ಯಾಗ ಒಬ್ಬನ ಮೊಣಕಾಲು ಕೆಟ್ಟಿತ್ತು, ನಮ್ಮ ಅಜ್ಜ ಕಾಯ್ದ, ಅದು ಸುಳ್ಳು. ನಮ್ಮ ಅಜ್ಜನ ಲೆಕ್ಕದಾಗ ಮೊದಲಂದು ಕುಸ್ತಿ, ಎರಡನೇದು ತಪ್ಪು. ಟಿಕೀಟ್ ಕೊಟ್ಟು ಬಂದವ್ರಿಗೆ ಮೋಸ ಆತಲ್ಲ ಅನ್ನೋದು ಅವನ ಮಾತು, ಅದೂ ಖರೆ. ನಾನು ಅಜ್ಜನ ಪರ ವಾದ ಮಾಡಬಹುದು, ಅಜ್ಜನ ಒಪ್ಪಂಗಿಲ್ಲ.

ಮಗಗ ಕಡೀಕ ಇಷ್ಟ ಹೇಳಿದೆ: "ಯಾರು ಗೆಲ್ಲತಾರ ಅನ್ನೋದು ಮೊದ್ಲ ಬರದಿರ್ತಾರಪಾ. ಆದ್ರ ಬೀಳೋದು, ಪೆಟ್ಟಾಗೋದು, ಒಬ್ಬರನ್ನೊಬ್ಬರು ಕಾಯೋದು ಖರೆ." ಅಂವಗ ಅರ್ಧ ತಿಳೀತು. ಸಣ್ಣ ಕಡಗ ತಗದು ತೋರಿಸಿದೆ, ಇದು ಮುತ್ತ್ಯಾ ಗೆದ್ದದ್ದು ಅಂತ. "ನಿಕಾಲಿನಾ?" ಅಂದ. ಹೂಂ ಅಂದೆ.

ನಿಮ್ಮ ಮನ್ಯಾಗ ಕುಸ್ತಿ ಹಿಡದ ಹಿರಿಯರು ಇನ್ನೂ ಇದ್ರ, ಮಗ್ಗಲಾಗ ಕುಂತು ಕೇಳ್ರಿ. ಗೆದ್ದದ್ದು ಅವ್ರ ಹೇಳ್ತಾರ. ಗೆದ್ದೂ ಕೈಗೆ ಹಾಕದ ಕಡಗ ಯಾವುದರೆ ಐತೇನು, ಅದನ್ನ ನೀವು ಕೇಳಬೇಕು.